ತೆರೆಯ ಹಿಂದಿನ ಕಸುಬಿಗೆ ಸಿದ್ಧವಾಗುವುದು: ಎರಡನೇ ದಿನವೂ ಕರೆ ಬರಬೇಕಾದರೆ

ಬೆಂಗಳೂರಿನ ಹೊರವಲಯದ ಬಾಡಿಗೆ ಮನೆಯೊಂದರಲ್ಲಿ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿರುವಾಗ ಕ್ಯಾಮೆರಾದ ಮುಂದೆ ನಾಲ್ವರಿದ್ದರೆ ಹಿಂದೆ ಮೂವತ್ತು ನಲವತ್ತು ಜನ ಇರುತ್ತಾರೆ. ಲೈಟ್‌ಮನ್‌ಗಳು, ಕ್ಯಾಮೆರಾ ಸಹಾಯಕರು, ಮೇಕಪ್ ಮತ್ತು ಕಾಸ್ಟ್ಯೂಮ್‌ನವರು, ಸೆಟ್ ಸಿದ್ಧಪಡಿಸುವ ಆರ್ಟ್ ವಿಭಾಗದವರು, ಸೌಂಡ್ ರೆಕಾರ್ಡಿಸ್ಟ್, ಸಹಾಯಕ ನಿರ್ದೇಶಕರು, ಪ್ರೊಡಕ್ಷನ್ ಮ್ಯಾನೇಜರ್, ಹನ್ನೊಂದು ಗಂಟೆಗೆ ಸರಿಯಾಗಿ ಚಹಾ ತರುವ ಪ್ರೊಡಕ್ಷನ್ ಹುಡುಗರು, ಇವರಲ್ಲಿ ಯಾರೊಬ್ಬರು ತಡವಾದರೂ ಉಳಿದವರೆಲ್ಲ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಮೊದಲ ದಿನ ಅಲ್ಲಿಗೆ ಹೋಗುವ ಅವಕಾಶ ಸಾಮಾನ್ಯವಾಗಿ ಯಾರದೋ ಪರಿಚಯದಿಂದ, ಒಂದು ಫೋನ್ ಕರೆಯಿಂದ ಸಿಗುತ್ತದೆ. ಎರಡನೇ ದಿನದ ಕರೆಯನ್ನು ಮಾತ್ರ ನಿಮ್ಮ ಮೊದಲ ದಿನದ ಕೆಲಸವೇ ತರಬೇಕು. ಸಹಾಯಕ ನಿರ್ದೇಶಕನಾಗಿ ಆರಂಭಿಸಿ ಸಂಕಲನಕ್ಕೆ ಬಂದು ನೆಲೆಸಿದ ನಾನು ಈ ಎರಡನೇ ಕರೆಯನ್ನೇ ಗುರಿಯಾಗಿಟ್ಟುಕೊಂಡು ಇಲ್ಲಿನ ಹೆಜ್ಜೆಗಳನ್ನು ಹೇಳುತ್ತಿದ್ದೇನೆ.

ಮೊದಲ ಹೆಜ್ಜೆ: ವಿಭಾಗವನ್ನು ಆರಿಸಿಕೊಳ್ಳಿ

‘ಸಿನಿಮಾದಲ್ಲಿ ಏನಾದರೂ ಕೆಲಸ ಕೊಡಿಸಿ ಸರ್’ ಎಂದು ಬರುವವರಿಗೆ ಯಾರೂ ಕೆಲಸ ಕೊಡಿಸಲಾರರು, ಏಕೆಂದರೆ ಕೇಳಿಸಿಕೊಂಡವರಿಗೆ ಇವರನ್ನು ಯಾರ ಬಳಿ ಕಳಿಸಬೇಕೆಂಬುದೇ ತಿಳಿಯುವುದಿಲ್ಲ. ‘ಆರ್ಟ್ ವಿಭಾಗದಲ್ಲಿ ಸಹಾಯಕನಾಗಿ ಸೇರಬೇಕೆಂದಿದ್ದೇನೆ, ಮರಗೆಲಸ ಗೊತ್ತು, ಅಳತೆ ಹಿಡಿದು ನಕ್ಷೆ ಬರೆಯಬಲ್ಲೆ’ ಎಂದವನ ಹೆಸರು ಫೋನಿನಲ್ಲಿ ಉಳಿಯುತ್ತದೆ. ಆದ್ದರಿಂದ ಕೈಯಲ್ಲಿ ಈಗಾಗಲೇ ಏನಿದೆ ಎಂಬುದರಿಂದ ಆರಂಭಿಸುವುದು ಒಳ್ಳೆಯದು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿದವರಿಗೆ ಲೈಟ್ ವಿಭಾಗ, ಹೊಲಿಗೆ ಬಲ್ಲವರಿಗೆ ಕಾಸ್ಟ್ಯೂಮ್, ಬಿ.ಕಾಂ. ಓದಿ ಲೆಕ್ಕ ಬರೆಯಬಲ್ಲವರಿಗೆ ಪ್ರೊಡಕ್ಷನ್ ಹತ್ತಿರವಾಗುತ್ತದೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿ ಪಳಗಿದವರಿಗೆ ಮೇಕಪ್ ವಿಭಾಗ ಪೂರ್ತಿ ಹೊಸ ಲೋಕವೇನಲ್ಲ, ಕ್ಯಾಮೆರಾದ ಹತ್ತಿರದ ನೋಟಕ್ಕೆ ಬಣ್ಣವನ್ನು ಎಷ್ಟು ತೆಳುಗೊಳಿಸಬೇಕು ಎಂಬುದನ್ನು ಕಲಿತರೆ ಸಾಕು.

ಇನ್ನೂ ಯಾವುದೆಂದು ತಿಳಿಯದವರು ನಾಲ್ವರು ಗೆಳೆಯರನ್ನು ಸೇರಿಸಿಕೊಂಡು ಮೊಬೈಲ್ ಫೋನಿನಲ್ಲೇ ಐದು ನಿಮಿಷದ ಕಿರುಚಿತ್ರವೊಂದನ್ನು ಮಾಡಿ, ಒಂದೊಂದು ದೃಶ್ಯಕ್ಕೆ ಒಂದೊಂದು ಜವಾಬ್ದಾರಿಯನ್ನು ಬದಲಿಸಿಕೊಳ್ಳಬೇಕು. ಚಿತ್ರ ಹೇಗಾದರೂ ಆಗಲಿ, ಯಾವ ಕೆಲಸದಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವುದರಲ್ಲಿ ಪದೇ ಪದೇ ಗಡಿಯಾರ ನೋಡಿಕೊಂಡಿರಿ ಎಂಬುದು ಅಲ್ಲಿ ಗೊತ್ತಾಗುತ್ತದೆ. ನಿರ್ದೇಶನ ವಿಭಾಗಕ್ಕೆ ಮುಗಿಬೀಳುವವರು ಬಹಳ; ಲೆನ್ಸಿನ ಸ್ಪಷ್ಟತೆ ಹಿಡಿದಿಡುವ ಒಳ್ಳೆಯ ಫೋಕಸ್ ಪುಲ್ಲರ್, ಉದ್ದ ಕೋಲಿನ ಮೈಕ್ ಹಿಡಿಯುವ ಒಳ್ಳೆಯ ಬೂಮ್ ಆಪರೇಟರ್, ಶಾಟಿನಿಂದ ಶಾಟಿಗೆ ಎಲ್ಲವೂ ಒಂದೇ ರೀತಿ ಇರಬೇಕೆಂಬ ಕಂಟಿನ್ಯುಟಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವರು ಯಾವಾಗಲೂ ಕಡಿಮೆ ಎಂಬುದನ್ನು ಆಯ್ಕೆಯ ಹೊತ್ತಿನಲ್ಲಿ ನೆನಪಿಡಬೇಕು.

ಎರಡನೇ ಹೆಜ್ಜೆ: ಶಾಲೆಯೋ, ನೇರ ಸೆಟ್ಟೋ

ಕರ್ನಾಟಕದಲ್ಲಿ ಈ ಕಸುಬುಗಳಿಗೆ ಸರ್ಕಾರಿ ಶಿಕ್ಷಣ ಹೊಸದಲ್ಲ. 1940ರ ದಶಕದಲ್ಲೇ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿಸಲಾಗುತ್ತಿತ್ತು; ಅಲ್ಲಿ ಕಲಿತ ಮೈಸೂರಿನ ವಿ.ಕೆ. ಮೂರ್ತಿ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು, ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಆ ಪರಂಪರೆ ಇಂದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಮುಂದುವರಿದಿದೆ. ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ (ಎಫ್‌ಟಿಐಐ) 1960ರಲ್ಲಿ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ 1995ರಲ್ಲಿ ಆರಂಭವಾದವು. ಎರಡಕ್ಕೂ ಪ್ರವೇಶ ಪರೀಕ್ಷೆಯಿದೆ. ಪುಣೆಯಲ್ಲಿ ಧ್ವನಿ ವಿಭಾಗ ಸೇರಬೇಕೆನ್ನುವವರು ಪದವಿಯ ಜೊತೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಬೇಕೆಂಬ ನಿಯಮವಿರುವುದರಿಂದ ಪಿಯುಸಿಗೆ ಕಲಾ ವಿಭಾಗ ಆಯ್ದುಕೊಳ್ಳುವ ಮುನ್ನವೇ ಈ ಲೆಕ್ಕ ಹಾಕಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳಿ.

ಆರ್ಟ್ ವಿಭಾಗಕ್ಕೆ ಬರುವವರಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಒಳ್ಳೆಯ ಬುನಾದಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಂಥ ಕಡೆ ನಾಟಕ ಕಲಿತವರು ಬೆಳಕು, ರಂಗಸಜ್ಜಿಕೆ, ಪ್ರಸಾಧನಗಳನ್ನು ಕೈಯಾರೆ ಮಾಡಿರುತ್ತಾರೆ, ಅಂಥವರು ಸೆಟ್ಟಿನಲ್ಲಿ ಬೇಗ ಹೊಂದಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಖಾಸಗಿ ತರಬೇತಿ ಕೇಂದ್ರಗಳ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ಶುಲ್ಕ ಕಟ್ಟುವ ಮೊದಲು ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಕ್ಯಾಮೆರಾ ಅಥವಾ ಎಡಿಟಿಂಗ್ ಯಂತ್ರ ಕೈಗೆ ಸಿಗುತ್ತದೆ ಎಂದು ಕೇಳಿ, ಕಳೆದ ವರ್ಷ ಮುಗಿಸಿದ ಇಬ್ಬರನ್ನು ಭೇಟಿ ಮಾಡಿಸಲು ಹೇಳಿ. ಭೇಟಿ ಮಾಡಿಸಲು ಹಿಂಜರಿದರೆ ಹಿಂದಿರುಗಿ ಬನ್ನಿ.

ಮೂರನೇ ಹೆಜ್ಜೆ: ನಿಮ್ಮ ವಿಭಾಗದ ಅಂಕಿಗಳನ್ನು ಬಾಯಿಗೆ ತಂದುಕೊಳ್ಳಿ

ಸೆಟ್ಟಿನಲ್ಲಿ ಯಾರೂ ಪಾಠ ಹೇಳುವುದಿಲ್ಲ, ಆದರೆ ಮೂಲ ಲೆಕ್ಕ ಗೊತ್ತಿರುವ ಹುಡುಗನಿಗೆ ಹಿರಿಯರು ಬಿಡುವಾದಾಗ ಎಲ್ಲವನ್ನೂ ಹೇಳಿಕೊಡುತ್ತಾರೆ. ಹಾಗಾಗಿ ಮನೆಯಲ್ಲಿ ಕುಳಿತೇ ಕಲಿಯಬಹುದಾದ ಭಾಗಕ್ಕೆ ಹೆಚ್ಚು ಸಮಯ ಕೊಡಬೇಕು.

ಕ್ಯಾಮೆರಾ ಸಹಾಯಕರಾಗುವವರು ಈ ಒಂದು ಸಂಗತಿಯಿಂದ ಆರಂಭಿಸಲಿ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ ಆ ಮಿನುಗು ಶಟರ್ ವೇಗ ಹೊಂದದಿದ್ದರೆ ಚಿತ್ರದಲ್ಲಿ ಪಟ್ಟೆ ಪಟ್ಟೆಯಾಗಿ ಮೂಡುತ್ತದೆ. ಸಿನಿಮಾದ ಸೆಕೆಂಡಿಗೆ 24 ಫ್ರೇಮಿನಲ್ಲಿ ಶಟರ್ ಕೋನವನ್ನು (ಪ್ರತಿ ಫ್ರೇಮಿಗೆ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದರ ಅಳತೆ) ವಾಡಿಕೆಯ 180 ಡಿಗ್ರಿಯ ಬದಲು 172.8ಕ್ಕೆ ಇಟ್ಟರೆ ಪ್ರತಿ ಫ್ರೇಮಿಗೆ ಸರಿಯಾಗಿ ಸೆಕೆಂಡಿನ 50ನೇ ಒಂದು ಭಾಗದ ಬೆಳಕು ಸಿಗುತ್ತದೆ, ಎರಡು ಪೂರ್ತಿ ಮಿನುಗುಗಳು ಒಳಗೆ ಬರುತ್ತವೆ, ಪಟ್ಟೆ ಮಾಯವಾಗುತ್ತದೆ. ಟಿವಿಯ 25 ಫ್ರೇಮಿನಲ್ಲಿ 180 ಡಿಗ್ರಿಯೇ ಆ ಲೆಕ್ಕಕ್ಕೆ ಹೊಂದುತ್ತದೆ. ಹೋಟೆಲಿನ ದೃಶ್ಯದ ನಡುವೆ ಛಾಯಾಗ್ರಾಹಕರು ‘ಸ್ಲೋ ಮೋಷನ್, 120’ ಎಂದಾಗ, ಅಂದರೆ ಒಂದು ಫ್ರೇಮಿಗೆ ಒಂದು ಪೂರ್ತಿ ಮಿನುಗೂ ಸಿಗದ ಸೆಕೆಂಡಿಗೆ 120 ಫ್ರೇಮ್ ಕೇಳಿದಾಗ, ‘ಸರ್, ಮೇಲಿನ ಟ್ಯೂಬ್ ಆರಿಸಲೇ?’ ಎಂದು ಕೇಳುವ ಸಹಾಯಕನನ್ನು ಅವರು ಮುಂದಿನ ಚಿತ್ರಕ್ಕೂ ಕರೆದುಕೊಂಡು ಹೋಗುತ್ತಾರೆ.

ಫೋಕಸ್ ಹಿಡಿಯುವುದು ಅಳತೆಯ ಕಸುಬು. 85 ಎಂಎಂ ಲೆನ್ಸನ್ನು ಟಿ2ರಲ್ಲಿಟ್ಟು, ಅಂದರೆ ಬೆಳಕಿನ ಕಿಂಡಿಯನ್ನು ಅಗಲವಾಗಿ ತೆರೆದು, ಆರು ಅಡಿ ದೂರದ ಮುಖವನ್ನು ಚಿತ್ರಿಸುವಾಗ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಎರಡು ಇಂಚು ಮಾತ್ರ, ನಟಿ ಉಸಿರೆಳೆದು ಸ್ವಲ್ಪ ಮುಂದೆ ಬಾಗಿದರೂ ಕಣ್ಣು ಮಸುಕಾಗಿ ಕಿವಿಯೋಲೆ ಹೊಳೆಯುತ್ತದೆ. ಇದಕ್ಕೆ ಸಾಧನೆ ದುಬಾರಿಯೇನಲ್ಲ: ಮನೆಯಲ್ಲಿ, ಬಸ್ ಸ್ಟಾಪಿನಲ್ಲಿ, ಹೋಟೆಲಿನಲ್ಲಿ ಎದುರಿನ ವಸ್ತು ಎಷ್ಟು ಅಡಿ ದೂರವಿದೆ ಎಂದು ಮನಸ್ಸಿನಲ್ಲಿ ಅಂದಾಜಿಸಿ, ಸಾಧ್ಯವಾದಾಗ ಟೇಪು ಹಿಡಿದು ನೋಡಬೇಕು. ಮೂರು ತಿಂಗಳು ಹೀಗೆ ಮಾಡಿದರೆ ಅಂದಾಜು ಅಂಗುಲದ ಹತ್ತಿರಕ್ಕೆ ಬರುತ್ತದೆ.

ಲೈಟ್ ವಿಭಾಗದವರಿಗೆ ಅಂಕಿ ಎಂದರೆ ಜೀವ. 230 ವೋಲ್ಟಿನಲ್ಲಿ 1000 ವ್ಯಾಟಿನ ಒಂದು ದೀಪ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಮನೆಯ ಗೋಡೆಯಲ್ಲಿರುವ 6 ಆಂಪಿಯರಿನ ಪ್ಲಗ್ಗಿಗೆ ಅಂಥದೊಂದು ಸಾಕು, ಅಡುಗೆಮನೆಯ 16 ಆಂಪಿಯರ್ ಪ್ಲಗ್ಗಿಗೆ ಮೂರು ಮೀರಬಾರದು. ಸುತ್ತಿಟ್ಟ ಕೇಬಲ್ಲಿನಲ್ಲಿ ಹೆಚ್ಚು ಕರೆಂಟು ಹರಿದರೆ ಬಿಸಿ ಹೊರಹೋಗದೆ ಹೊದಿಕೆ ಕರಗುತ್ತದೆ, ಆದ್ದರಿಂದ ಹತ್ತು ಅಡಿ ಸಾಕಾದರೂ ಕೇಬಲನ್ನು ಪೂರ್ತಿ ಬಿಚ್ಚಿ ಹಾಸಬೇಕು. ಅರ್ತಿಂಗ್ ಇಲ್ಲದ ಹಳೆಯ ಮನೆಯಲ್ಲಿ, ಮಳೆಯ ದೃಶ್ಯಕ್ಕೆ ನೀರು ಸಿಂಪಡಿಸುತ್ತಿರುವಾಗ, ‘ಸ್ವಲ್ಪ ತಡೀರಿ ಸರ್’ ಎನ್ನುವ ಧೈರ್ಯ ಚೀಫ್ ಲೈಟ್‌ಮನ್‌ಗಷ್ಟೇ ಅಲ್ಲ, ಕೊನೆಯ ಹುಡುಗನಿಗೂ ಇರಬೇಕು. ಬೆಳಕಿನ ಬಗ್ಗೆ ಇನ್ನೊಂದು ಮಾತು: ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೋದೊಳಗೆ ಬೀಳಿಸಿದ, ಇಂದಿಗೂ ಜನ ನೆನೆಯುವ ಬೆಳಕಿನ ಕೋಲಿಗೆ ಬಳಸಿದ್ದು ಹೊರಗಿನ ಬಿಸಿಲು ಮತ್ತು ಕನ್ನಡಿಗಳನ್ನು. ರಿಫ್ಲೆಕ್ಟರ್ ಹಿಡಿದು ಬಿಸಿಲಲ್ಲಿ ನಿಲ್ಲುವುದನ್ನು ಕೀಳು ಕೆಲಸವೆಂದುಕೊಳ್ಳುವವರಿಗಾಗಿ ಇದನ್ನು ಹೇಳಿದೆ.

ಸೌಂಡ್ ವಿಭಾಗದ ಅಂಕಿಗಳು ಕಡಿಮೆ, 48 ಕಿಲೋಹರ್ಟ್ಜ್, 24 ಬಿಟ್ ಎಂಬ ದಾಖಲೆಯ ಮಟ್ಟ ಮೊದಲಿಗೆ ಸಾಕು. ಇಲ್ಲಿ ಬೇಕಾದದ್ದು ಕಿವಿ. ಕೋಣೆಯೊಂದರಲ್ಲಿ ಕಣ್ಣುಮುಚ್ಚಿ ಐದು ನಿಮಿಷ ಕುಳಿತು ಕೇಳಿದ ಸದ್ದುಗಳನ್ನೆಲ್ಲ ಬರೆಯಿರಿ: ಫ್ಯಾನು, ಪಕ್ಕದ ಮನೆಯ ಕುಕ್ಕರಿನ ಸೀಟಿ, ದೂರದ ಬೋರ್‌ವೆಲ್ ಮೋಟಾರು, ಫ್ರಿಜ್ಜಿನ ಗುಂಯ್ ಎನ್ನುವ ಸದ್ದು. ಮನೆಯೊಳಗಿನ ದೃಶ್ಯಕ್ಕೆ ಫ್ರಿಜ್ ಆರಿಸಬೇಕಾಗುತ್ತದೆ, ಪ್ಯಾಕ್ ಅಪ್ ಆದ ಮೇಲೆ ಅದನ್ನು ಮತ್ತೆ ಹಾಕುವುದನ್ನು ಮರೆತರೆ ಮನೆಯವರ ಹಾಲು ಒಡೆಯುತ್ತದೆ, ಮುಂದಿನ ಸಲ ಆ ಮನೆ ಶೂಟಿಂಗಿಗೆ ಸಿಗುವುದಿಲ್ಲ. ಅನುಭವಸ್ಥರು ಆರಿಸಿದ ತಕ್ಷಣ ತಮ್ಮ ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೆ ಇಟ್ಟುಬಿಡುತ್ತಾರೆ. ಕೀಲಿಗಾಗಿ ಹೋದಾಗ ಸ್ವಿಚ್ಚು ತಾನಾಗಿ ನೆನಪಾಗುತ್ತದೆ. ದೃಶ್ಯ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಅರ್ಧ ನಿಮಿಷ ಕೋಣೆಯ ಮೌನವನ್ನು ದಾಖಲಿಸಿಕೊಳ್ಳುವುದನ್ನೂ ಬಿಡಬಾರದು, ಎಡಿಟಿಂಗ್ ಟೇಬಲ್ಲಿನಲ್ಲಿ ಸಂಭಾಷಣೆಯ ಬಿರುಕುಗಳನ್ನು ಮುಚ್ಚಲು ನಮಗೆ ಸಿಗುವ ಗಾರೆ ಅದೊಂದೇ.

ಕಂಟಿನ್ಯುಟಿಯ ಪಾಠವನ್ನು ನಾನು ಮಲ್ಲಿಗೆಯಿಂದ ಕಲಿತೆ. ಧಾರಾವಾಹಿಯೊಂದರ ಮದುವೆ ಮನೆಯ ದೃಶ್ಯವನ್ನು ಬೆಳಗ್ಗೆ ಹತ್ತಕ್ಕೆ ಆರಂಭಿಸಿದಾಗ ನಾಯಕಿಯ ಮುಡಿಯಲ್ಲಿದ್ದದ್ದು ಬಿಗಿಯಾದ ಮೊಗ್ಗಿನ ದಂಡೆ. ಊಟದ ನಂತರ ಬೇರೆ ದೃಶ್ಯ ತೆಗೆದು ಸಂಜೆ ಐದಕ್ಕೆ ಅದೇ ದೃಶ್ಯದ ಕ್ಲೋಸಪ್‌ಗಳಿಗೆ ಮರಳಿದೆವು. ಸೀರೆಯ ನೆರಿಗೆ, ಬಳೆಯ ಸಂಖ್ಯೆ, ಕೈಯಲ್ಲಿನ ತಟ್ಟೆ ಎಲ್ಲವನ್ನೂ ಪುಸ್ತಕ ನೋಡಿ ಸರಿಮಾಡಿಸಿದ್ದೆ. ಮೊಗ್ಗು ಅರಳುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಎಡಿಟಿಂಗಿನಲ್ಲಿ ಒಂದು ಮಾತಿನಿಂದ ಇನ್ನೊಂದು ಮಾತಿಗೆ ಮಲ್ಲಿಗೆ ಅರಳುವುದು, ಮತ್ತೆ ಮೊಗ್ಗಾಗುವುದು ನಡೆದೇ ಇತ್ತು. ಅಂದಿನಿಂದ ಹೂವು, ಉರಿಯುವ ದೀಪದ ಎಣ್ಣೆ, ಕುಡಿಯುತ್ತಿರುವ ಕಾಫಿ, ಕರಗುವ ಕರ್ಪೂರ, ಗೋಡೆ ಗಡಿಯಾರ ಇವಕ್ಕೆ ನನ್ನ ಪುಸ್ತಕದಲ್ಲಿ ‘ತಾನಾಗಿ ಬದಲಾಗುವುದು’ ಎಂಬ ಪ್ರತ್ಯೇಕ ಕಲಮು ಬಂತು. ನೀವು ಅಭ್ಯಾಸಕ್ಕೆ ಯಾವುದಾದರೂ ಧಾರಾವಾಹಿಯ ಒಂದು ಕಂತನ್ನು ಧ್ವನಿ ನಿಲ್ಲಿಸಿ ನೋಡಿ, ಪ್ರತಿ ಕಟ್‌ನಲ್ಲಿ ಕೈ ಎಲ್ಲಿತ್ತು, ಸೆರಗು ಯಾವ ಭುಜದಲ್ಲಿತ್ತು ಎಂದು ಬರೆದುಕೊಳ್ಳಬಹುದು. ಕಂಟಿನ್ಯುಟಿ ನೋಡಿಕೊಳ್ಳುವ ನಿರ್ದೇಶನ ವಿಭಾಗದವರು ಕನ್ನಡವನ್ನು ಸ್ವಚ್ಛವಾಗಿ ಓದಬೇಕು, ಬರೆಯಬೇಕು: ದೃಶ್ಯದ ಮಾತುಗಳಿರುವ ಸೀನ್ ಪೇಪರ್ ಎಷ್ಟೋ ಸಲ ಆ ಬೆಳಗ್ಗೆಯೇ ಬರುತ್ತದೆ, ಕನ್ನಡ ಓದಲು ಬಾರದ ಕಲಾವಿದರಿಗೆ ಕ್ಯಾಮೆರಾ ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಮಾಡುವ ಕೆಲಸ ಸಹಾಯಕ ನಿರ್ದೇಶಕರದ್ದೇ, ಮತ್ತು ಅಲ್ಲಿ ಹಕಾರ ತಪ್ಪಿದರೆ ಅದು ಹಾಗೆಯೇ ಮನೆಮನೆಗೆ ತಲುಪುತ್ತದೆ.

ಸಂಕಲನಕ್ಕೆ ಬರುವವರು ಸಾಫ್ಟ್‌ವೇರ್ ಕಲಿಯಲು ಹಣ ಸುರಿಯಬೇಕಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಕಲಿಕೆಗೆ ಧಾರಾಳವಾಗಿ ಸಾಕು. ಆದರೆ ಸಹಾಯಕ ಸಂಕಲನಕಾರರ ನಿಜವಾದ ಕೆಲಸ ಕತ್ತರಿಸುವುದಲ್ಲ, ಜೋಪಾನ ಮಾಡುವುದು. ಫುಲ್ ಎಚ್‌ಡಿಯ ಪ್ರೊರೆಸ್ 422 ಎಚ್‌ಕ್ಯು ಎಂಬ ಬಗೆಯ ವಿಡಿಯೋ ದಾಖಲೆ ಗಂಟೆಗೆ ಸುಮಾರು 80 ಜಿಬಿ ಆಗುತ್ತದೆ. ದಿನಕ್ಕೆ ಎರಡು ಗಂಟೆ ಚಿತ್ರಿಸಿದರೆ 160 ಜಿಬಿ, ಸೆಕೆಂಡಿಗೆ 100 ಎಂಬಿ ಬರೆಯುವ ಹಾರ್ಡ್ ಡಿಸ್ಕಿಗೆ ಅದು ಹೋಗಲು ಅರ್ಧ ಗಂಟೆಯ ಹತ್ತಿರ, ಎರಡು ಡಿಸ್ಕಿಗೆ ಒಂದರ ನಂತರ ಒಂದರಂತೆ ಹಾಕಿದರೆ ಒಂದು ಗಂಟೆ. ‘ಕಾರ್ಡ್ ಬೇಗ ಕೊಡಪ್ಪ’ ಎಂದು ಕ್ಯಾಮೆರಾದವರು ಅವಸರಿಸುವಾಗ ಈ ಲೆಕ್ಕ ಗೊತ್ತಿದ್ದವನು ‘ಇನ್ನು 20 ನಿಮಿಷ ಬೇಕು ಅಣ್ಣಾ’ ಎಂದು ಖಚಿತವಾಗಿ ಹೇಳುತ್ತಾನೆ, ಗೊತ್ತಿಲ್ಲದವನು ಹೆದರಿ ಕೊಟ್ಟುಬಿಡುತ್ತಾನೆ. ಎರಡು ಕಡೆ ಪ್ರತಿಯಾಗಿ, ತೆರೆದು ನೋಡಿ, ಪುಸ್ತಕದಲ್ಲಿ ಗುರುತು ಹಾಕಿದ ಮೇಲಷ್ಟೇ ಕಾರ್ಡ್ ಫಾರ್ಮ್ಯಾಟಿಗೆ ಹೋಗಬೇಕು. ಒಮ್ಮೆ ನಾನೇ ಇದನ್ನು ಮುರಿದು, ಒಂದೇ ಡಿಸ್ಕಿನಲ್ಲಿದ್ದ ಅರ್ಧ ದಿನದ ಕೆಲಸ ಡಿಸ್ಕು ಕೆಳಗೆ ಬಿದ್ದಾಗ ಹೋಯಿತು; ಆ ಘಟಕದಿಂದ ನನಗೆ ಮತ್ತೆ ಕರೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ನಾಲ್ಕನೇ ಹೆಜ್ಜೆ: ತೋರಿಸಲು ಏನಾದರೂ ಇರಲಿ

ಬಯೋಡೇಟಾ ಒಂದು ಪುಟ ಮೀರದಿರಲಿ, ಅದರಲ್ಲಿ ಮಾಡಿದ ಕೆಲಸವನ್ನು ಇದ್ದಷ್ಟೇ ಬರೆಯಿರಿ. ಎರಡು ದಿನ ಕ್ಲ್ಯಾಪ್ ಹಿಡಿದದ್ದನ್ನು ‘ಅಸೋಸಿಯೇಟ್’ ಎಂದು ಬರೆದರೆ ಸಣ್ಣ ಊರಿನಂತಿರುವ ಈ ಉದ್ಯಮದಲ್ಲಿ ಒಂದು ಫೋನ್ ಕರೆಗೆ ಬಯಲಾಗುತ್ತದೆ. ಆರ್ಟ್ ವಿಭಾಗದವರು ತಮ್ಮ ಮನೆಯ ಹಜಾರವನ್ನೇ ಅಳೆದು 1:50 ಪ್ರಮಾಣದಲ್ಲಿ ನಕ್ಷೆ ಬರೆದು, ಅದೇ ಜಾಗವನ್ನು ಎಂಬತ್ತರ ದಶಕದ ಮನೆಯಾಗಿಸಲು ಏನೇನು ಬದಲಿಸಬೇಕೆಂಬ ಪಟ್ಟಿಯನ್ನು ಜೊತೆಗಿಡಬಹುದು. ಮೇಕಪ್‌ನವರು ಒಂದೇ ಮುಖವನ್ನು ಬಿಸಿಲಿನಲ್ಲೂ ಹಳದಿ ಬಲ್ಬಿನ ಬೆಳಕಿನಲ್ಲೂ ತೆಗೆದ ಫೋಟೋಗಳನ್ನು, ಫಿಲ್ಟರ್ ಹಾಕದೆ, ತೋರಿಸಬೇಕು. ಸಂಕಲನಕ್ಕಾದರೆ ಹಾಡಿನ ತುಣುಕಿಗಿಂತ ಇಬ್ಬರು ಕುಳಿತು ಮಾತನಾಡುವ ಮೂರು ನಿಮಿಷದ ದೃಶ್ಯವೇ ಹೆಚ್ಚು ಹೇಳುತ್ತದೆ, ಏಕೆಂದರೆ ಯಾರ ಮುಖದ ಮೇಲೆ ಯಾವಾಗ ನಿಲ್ಲಬೇಕೆಂಬ ತಿಳಿವಳಿಕೆ ಅಲ್ಲಿ ಅಡಗಿರಲು ಸಾಧ್ಯವಿಲ್ಲ.

ಭೇಟಿಗೆ ಹೋಗುವಾಗ ನಿರ್ಮಾಪಕರನ್ನೋ ನಾಯಕನಟರನ್ನೋ ಹುಡುಕಿಕೊಂಡು ಗಾಂಧಿನಗರ ಅಲೆಯುವುದು ವ್ಯರ್ಥ. ನಿಮ್ಮನ್ನು ಸೇರಿಸಿಕೊಳ್ಳುವವರು ಆಯಾ ವಿಭಾಗದ ಮುಖ್ಯಸ್ಥರು ಅಥವಾ ಅವರ ಮೊದಲ ಸಹಾಯಕರು. ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳನ್ನು ನಿಲ್ಲಿಸಿ ಓದಿದರೆ ಯಾರು ಯಾರೊಡನೆ ಕೆಲಸ ಮಾಡುತ್ತಾರೆಂಬುದು ತಿಳಿಯುತ್ತದೆ. ದಿನವೂ ಪ್ರಸಾರವಾಗುವ ಧಾರಾವಾಹಿಗಳು ವರ್ಷವಿಡೀ ನಡೆಯುವುದರಿಂದ ಹೊಸಬರಿಗೆ ಅಲ್ಲಿ ಬೇಗ ಜಾಗ ಸಿಗುತ್ತದೆ, ವೇಗವೂ ರೂಢಿಯಾಗುತ್ತದೆ. ಅದೇ ವೇಗ ಅಡ್ಡದಾರಿಗಳನ್ನೂ ಕಲಿಸುತ್ತದೆ ಎಂಬ ಎಚ್ಚರವಿರಲಿ. ಕೆಲಸ ಸ್ಥಿರವಾದ ಮೇಲೆ ಆಯಾ ವಿಭಾಗದ ಸಂಘದ ಸದಸ್ಯತ್ವದ ಬಗ್ಗೆ ವಿಚಾರಿಸಿ, ಶುಲ್ಕಕ್ಕೆ ರಸೀದಿ ಪಡೆಯದೆ ಯಾರ ಕೈಗೂ ಹಣ ಕೊಡಬೇಡಿ.

ಐದನೇ ಹೆಜ್ಜೆ: ಹಣ ಮತ್ತು ಕಾಗದ

ನಾನು ಕೆಲಸ ಮಾಡಿದ ಎರಡನೇ ಚಿತ್ರ 18 ದಿನ ಚಿತ್ರೀಕರಣವಾಗಿ ನಿಂತುಹೋಯಿತು, ಬಾಟಾ (ದಿನದ ಖರ್ಚಿನ ಹಣ) ಬಿಟ್ಟರೆ ಒಂದು ರೂಪಾಯಿ ಬರಲಿಲ್ಲ, ಕೇಳಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಚಲನಚಿತ್ರ ಕಾರ್ಮಿಕರ ಉದ್ಯೋಗ ನಿಯಂತ್ರಣಕ್ಕೆಂದು 1981ರಲ್ಲೇ ಬಂದ ಕೇಂದ್ರದ ಕಾಯ್ದೆ ಕಥಾಚಿತ್ರದ ಕಾರ್ಮಿಕರೊಡನೆ ಲಿಖಿತ ಒಪ್ಪಂದ ಆಗಬೇಕೆನ್ನುತ್ತಿತ್ತು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಹೊಸಬರು ಒಪ್ಪಂದಪತ್ರಕ್ಕೆ ಹಟ ಹಿಡಿಯುವುದು ಕಷ್ಟವೇ. ಕನಿಷ್ಠ ಪಕ್ಷ ಕಾಲ್‌ಶೀಟಿಗೆ (ಒಂದು ಪಾಳಿಯ ಕೆಲಸಕ್ಕೆ) ಎಷ್ಟು, ಕೆಲಸ ರಾತ್ರಿಗೆ ಮುಂದುವರಿದರೆ ಲೆಕ್ಕ ಹೇಗೆ, ಪ್ರಯಾಣ ಯಾರದು, ಹಣ ವಾರಕ್ಕೋ ತಿಂಗಳಿಗೋ ಎಂಬ ನಾಲ್ಕು ಸಾಲನ್ನು ಮ್ಯಾನೇಜರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ‘ಸರಿ’ ಎಂಬ ಉತ್ತರ ಪಡೆಯಿರಿ. ದುಡಿದ ದಿನಗಳನ್ನು ಡೈರಿಯಲ್ಲಿ ಬರೆದಿಡಿ. ಹಣ ಕೊಡುವಾಗಲೇ ತೆರಿಗೆ (ಟಿಡಿಎಸ್) ಕಡಿತವಾಗಿದ್ದರೆ ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದಾದ ಹಣವನ್ನು ಎಷ್ಟೋ ಸಹಾಯಕರು ಕೈಬಿಡುತ್ತಾರೆ. ಆರು ತಿಂಗಳ ಬಾಡಿಗೆ, ಊಟಕ್ಕಾಗುವಷ್ಟು ಕೂಡಿಟ್ಟುಕೊಂಡೋ, ವಾರದಲ್ಲಿ ಎರಡು ದಿನ ಮದುವೆ ವಿಡಿಯೋದಂಥ ಬೇರೆ ಕೆಲಸ ಹಿಡಿದೋ ಬರುವುದು ಜಾಣತನ.

ಹೆಣ್ಣುಮಕ್ಕಳು ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಮೇಕಪ್ ಕಲಾವಿದೆಯರಿಗೆ ಸದಸ್ಯತ್ವ ಕೊಡದೆ ಕೇಶಾಲಂಕಾರಕ್ಕಷ್ಟೇ ಸೀಮಿತಗೊಳಿಸುತ್ತಿದ್ದ ಮುಂಬೈ ಸಂಘವೊಂದರ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2014ರಲ್ಲಿ ತಳ್ಳಿಹಾಕಿದೆ, ಹಾಗಾಗಿ ‘ಈ ವಿಭಾಗಕ್ಕೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ’ ಎಂಬ ಮಾತಿಗೆ ಕಾನೂನಿನ ಬಲವಿಲ್ಲ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಎಂದು ಸೇರುವ ದಿನವೇ ಕೇಳುವುದರಲ್ಲಿ ತಪ್ಪಿಲ್ಲ. ರಾತ್ರಿ ಪ್ಯಾಕ್ ಅಪ್ ಆದ ಮೇಲೆ ಮನೆಗೆ ಬಿಡುವ ವಾಹನದ ವ್ಯವಸ್ಥೆಯನ್ನೂ ಅದೇ ಮಾತಿನಲ್ಲಿ ಕೇಳಿಕೊಳ್ಳಿ.

ಮೊದಲ ದಿನ

ಚೀಲದಲ್ಲಿ ಕಪ್ಪು ಮಾರ್ಕರ್, ಬಣ್ಣದ ಟೇಪು, ಅಳತೆ ಟೇಪು, ಸಣ್ಣ ಟಾರ್ಚು, ಪೆನ್ನು, ಪುಸ್ತಕ, ನೀರು, ಟೋಪಿ ಇರಲಿ. ಕಾಲಿಗೆ ಮುಚ್ಚಿದ ಶೂ, ಕಡುಬಣ್ಣದ ಅಂಗಿ, ಏಕೆಂದರೆ ಬಿಳಿ ಅಂಗಿಯ ಬೆಳಕು ಕಲಾವಿದರ ಮುಖಕ್ಕೆ ಹೊಡೆಯುತ್ತದೆ. ತಿಂಡಿಯ ಗಾಡಿಗಿಂತ ಮೊದಲು ತಲುಪಿ, ಮ್ಯಾನೇಜರಿಗೆ ಮುಖ ತೋರಿಸಿ, ನಿಮ್ಮ ವಿಭಾಗದ ಮುಖ್ಯಸ್ಥರು ಬಂದ ಮೇಲೆ ಅವರ ಹತ್ತಿರವೇ ಇರಿ. ಕಲಾವಿದರೊಡನೆ ಸೆಲ್ಫಿ ಬೇಡ, ಸೆಟ್ಟಿನ ಫೋಟೋವನ್ನು ಯಾರಿಗೂ ಕಳಿಸಬೇಡಿ. ಬೇರೆ ವಿಭಾಗದ ಸಾಮಾನನ್ನು ಸಹಾಯ ಮಾಡುವ ಉಮೇದಿನಲ್ಲೂ ಮುಟ್ಟಬಾರದು. ಲೈಟಿನ ಸ್ಟ್ಯಾಂಡ್ ದಾರಿಗೆ ಅಡ್ಡವಿದ್ದರೆ ‘ಅಣ್ಣಾ, ಇದನ್ನು ಸ್ವಲ್ಪ ಸರಿಸಬಹುದಾ?’ ಎಂದು ಲೈಟಿನವರನ್ನೇ ಕೇಳಬೇಕು. ಟೇಕ್ ನಡೆಯುವಾಗ ಕಲಾವಿದರ ಕಣ್ಣಿನ ನೇರಕ್ಕೆ ನಿಲ್ಲಬೇಡಿ. ತಪ್ಪಾದರೆ ತಕ್ಷಣ, ಒಂದೇ ಮಾತಿನಲ್ಲಿ, ನಿಮ್ಮ ಮುಖ್ಯಸ್ಥರಿಗೆ ಹೇಳಿಬಿಡಿ. ಆ ಕ್ಷಣದ ಬೈಗುಳಕ್ಕಿಂತ ಎಡಿಟಿಂಗಿನಲ್ಲಿ ಸಿಕ್ಕಿಬೀಳುವ ತಪ್ಪು ದುಬಾರಿ.

‘ಪ್ಯಾಕ್ ಅಪ್’ ಎಂದೊಡನೆ ಎಲ್ಲರಿಗೂ ಮನೆ ನೆನಪಾಗುತ್ತದೆ, ಸಾಮಾನು ಕಳೆಯುವುದೂ ಆಗಲೇ. ಬೆಳಗ್ಗೆ ವ್ಯಾನಿನಿಂದ ಇಳಿಸುವಾಗಲೇ ನಿಮ್ಮ ವಿಭಾಗದ ಸಾಮಾನಿನ ಪಟ್ಟಿ ಬರೆದುಕೊಂಡಿದ್ದರೆ ಈಗ ಅದನ್ನು ಹಿಡಿದು ಲೆನ್ಸ್ ಕ್ಯಾಪಿನಿಂದ ಹಿಡಿದು ಕ್ಲಾಂಪಿನವರೆಗೆ ಒಂದೊಂದನ್ನೂ ಎಣಿಸಿ ಏರಿಸಬಹುದು. ಬಾಟಾ ಪಡೆದು ಸಹಿ ಹಾಕುವಾಗ ಮೊತ್ತ ಓದಿ ಸಹಿ ಹಾಕಿ. ಫ್ರಿಜ್ಜಿನಿಂದ ಕೀಲಿ ತೆಗೆದುಕೊಂಡು, ಸ್ವಿಚ್ಚು ಹಾಕಿ, ಹೊರಡುವ ಮುನ್ನ ಮ್ಯಾನೇಜರ್ ಬಳಿ ನಿಂತು ನಾಳೆಯ ಲೊಕೇಶನ್ ಯಾವುದು, ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿ ಬರೆದುಕೊಳ್ಳಿ.